ಲ್ಯಾಪ್ ಸ್ಟೀಲ್‌ಗೆ ಸಿ6 ಟ್ಯೂನಿಂಗ್

ಹವಾಯಿ ಶೈಲಿಯ ಲ್ಯಾಪ್ ಸ್ಟೀಲ್ (ತೊಡೆಯ ಮೇಲಿಟ್ಟು, ತಂತಿಗಳ ಮೇಲೆ ಲೋಹದ ಬಾರ್ ಜಾರಿಸಿ ನುಡಿಸುವ ಗಿಟಾರ್) ಕಲಿಯುವವರು ಸಿ6 ಟ್ಯೂನಿಂಗ್, ಅಂದರೆ ಸಿ6 ಕಾರ್ಡ್‌ನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ) ಶ್ರುತಿ, ಖಂಡಿತ ಹಿಡಿಯಿರಿ. ದಪ್ಪ ತಂತಿಯಿಂದ ಸಣ್ಣದಕ್ಕೆ: ಸಿ, ಇ, ಜಿ, ಎ, ಸಿ, ಇ. ಮಾಮೂಲಿ ಗಿಟಾರ್ ತಂತಿಗಳನ್ನೇ ಇದಕ್ಕೆ ಎಳೆಯಬೇಡಿ. ನಾಲ್ಕನೇ ತಂತಿ (ಎಣಿಕೆ ಸಣ್ಣ ತಂತಿಯಿಂದ) ಡಿಯಿಂದ ಜಿವರೆಗೆ ಏರಬೇಕು, ತುಂಡಾಗುವ ಸಾಧ್ಯತೆ ಜಾಸ್ತಿ. ಸಿ6ಗೆಂದೇ ಬರುವ ಸೆಟ್ ಕೊಳ್ಳಿ.

ಇದರ ಸೊಗಸು ನೋಡಿ: ಮೊದಲ ಮೂರು ಸಣ್ಣ ತಂತಿ ಮೀಟಿದರೆ ಎ ಮೈನರ್ ಕಾರ್ಡ್. ಮೂರನೆಯದನ್ನು ಬಿಟ್ಟು ನಾಲ್ಕನೆಯದು ಸೇರಿಸಿದರೆ ಸಿ ಮೇಜರ್! ಬಾರ್ ಐದನೇ ಫ್ರೆಟ್‌ಗೆ (ಗಿಟಾರ್ ಕತ್ತಿನ ಅಡ್ಡಗೆರೆಗೆ) ಜಾರಿಸಿದರೆ ಅದೇ ಎಫ್, ಏಳನೆಯದಕ್ಕೆ ಜಿ.

ಬಾರ್ ಫ್ರೆಟ್ ಗೆರೆಯ ನೇರ ಮೇಲೆಯೇ ಇರಲಿ, ಹಿಂದೆ ಅಲ್ಲ. ಸುಮ್ನೆ ಒತ್ತಬೇಡಿ, ಅದರ ತೂಕವೇ ಸಾಕು. ಉಂಗುರದ ಬೆರಳು, ಕಿರುಬೆರಳು ಬಾರ್ ಹಿಂದೆ ತಂತಿಗಳಿಗೆ ಹಗುರವಾಗಿ ತಾಗುತ್ತಿರಲಿ, ಗರಗರ ಸದ್ದು ನಿಲ್ಲುತ್ತದೆ.