ಬಹರೈನಿನಿಂದ ಮರಳಿ ಬಂದ ಏಳು ಕಂತುಗಳು

ಮೂಡುಬಿದಿರೆಯ ಒಂದು ಮದುವೆಯಲ್ಲಿ ಊಟದ ಪಂಕ್ತಿಯನ್ನು ಚಿತ್ರೀಕರಿಸುತ್ತಿದ್ದಾಗ ಹಿರಿಯ ರಂಗನಟರೊಬ್ಬರು ಬಂದು ನನ್ನ ತೋಳು ಹಿಡಿದರು. "ಹಳೆಯ ಕ್ಯಾಸೆಟ್ ಸರಿಮಾಡಿ ಕೊಡುವವರು ನೀವೇ ಅಲ್ಲವೇ ಮಾರಾಯರೇ? ನಮ್ಮ ಧಾರಾವಾಹಿ ಎಲ್ಲಿಯಾದರೂ ಕಣ್ಣಿಗೆ ಬಿದ್ದಿದೆಯೇ? ಮೊಮ್ಮಗಳಿಗೆ ಒಮ್ಮೆ ತೋರಿಸಬೇಕಿತ್ತು."

ಹೆಸರು ಕೇಳಿದ ಕೂಡಲೇ ನೆನಪಾಯಿತು. ತೊಂಬತ್ತರ ದಶಕದಲ್ಲಿ ಸ್ಥಳೀಯ ಕೇಬಲ್ ವಾಹಿನಿಯೊಂದರಲ್ಲಿ ಆದಿತ್ಯವಾರ ಸಂಜೆ ಬರುತ್ತಿದ್ದ ತುಳು ಧಾರಾವಾಹಿ ಅದು. ಒಟ್ಟು ಹದಿಮೂರು ಕಂತು. ನಮ್ಮ ಮನೆಗೆ ಆಗ ಕೇಬಲ್ ಬಂದಿರಲಿಲ್ಲ. ಪಕ್ಕದ ಮನೆಯ ಚಾವಡಿಯಲ್ಲಿ ಹತ್ತಾರು ಮಂದಿಯ ನಡುವೆ ಕುಳಿತು ನೋಡಿದ್ದೆ. ಧಾರಾವಾಹಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದರ ಹಕ್ಕು ನಿರ್ಮಾಪಕರ ಕುಟುಂಬದ್ದು, ಮತ್ತು ಅವರು ಸದ್ಯಕ್ಕೆ ಒಪ್ಪಿರುವುದು ಕಲಾವಿದರ ಮನೆಗಳಲ್ಲಿ ನೋಡುವುದಕ್ಕೆ ಮಾತ್ರ.

ಮೊದಲು ಹೋದದ್ದು ಆ ವಾಹಿನಿಯಲ್ಲಿ ದುಡಿದಿದ್ದ ತಂತ್ರಜ್ಞರೊಬ್ಬರ ಬಳಿಗೆ. ವಾಹಿನಿ ಮುಚ್ಚಿ ಬಹಳ ವರ್ಷಗಳಾಗಿವೆ. ಅವರು ಮುಚ್ಚುಮರೆಯಿಲ್ಲದೆ ಹೇಳಿದರು: ಟೇಪಿಗೆ ಬೆಲೆ ಹೆಚ್ಚು, ಬೀರುವಿನಲ್ಲಿ ಇದ್ದದ್ದು ಕೆಲವೇ ಕ್ಯಾಸೆಟ್. ಆದಿತ್ಯವಾರ ಪ್ರಸಾರವಾದ ಕಂತಿನ ಮೇಲೆ ಗುರುವಾರ ಇನ್ನೇನೋ ಮುದ್ರಣವಾಗುತ್ತಿತ್ತು. ಅವರನ್ನು ದೂರುವ ಮನಸ್ಸು ನನಗಿಲ್ಲ. 1960–70ರ ದಶಕಗಳಲ್ಲಿ ಬಿಬಿಸಿಯೂ ಇದನ್ನೇ ಮಾಡಿ 'ಡಾಕ್ಟರ್ ಹೂ' ಧಾರಾವಾಹಿಯ ಎಷ್ಟೋ ಕಂತುಗಳನ್ನು ಕಳೆದುಕೊಂಡಿತು. ನಮ್ಮಲ್ಲಿ 1934ರ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ'ದ ಒಂದು ಪ್ರತಿಯೂ ಉಳಿದಿಲ್ಲ. ಕೋಟದ ಶಿವರಾಮ ಕಾರಂತರು ಮೂಕಿ ಚಿತ್ರಗಳನ್ನು ತಯಾರಿಸಿದ್ದರು ಎಂದು ಓದುತ್ತೇವೆಯೇ ಹೊರತು ಅವುಗಳನ್ನು ನೋಡಿದವರು ನಮ್ಮ ನಡುವೆ ಇಲ್ಲ. ನೋಡಿ ಮುಗಿದ ಮೇಲೆ ಚಿತ್ರವನ್ನು ಜೋಪಾನ ಮಾಡಬೇಕು ಎಂಬ ಯೋಚನೆ ಎಲ್ಲ ಕಡೆಯೂ ತಡವಾಗಿಯೇ ಬಂದಿದೆ.

ಆದರೆ ಆ ಬ್ರಿಟಿಷ್ ಧಾರಾವಾಹಿಯ ಕಥೆಯಲ್ಲಿ ನನಗೆ ದಾರಿ ತೋರಿಸಿದ ಒಂದು ಸಂಗತಿ ಇತ್ತು. 2013ರಲ್ಲಿ ಅದರ ಒಂಬತ್ತು ಕಂತುಗಳು ಸಿಕ್ಕಿದ ಸುದ್ದಿ ಬಂತು. ಅವು ಸಿಕ್ಕಿದ್ದು ಲಂಡನ್ನಿನಲ್ಲಿ ಅಲ್ಲ, ನೈಜೀರಿಯಾದ ಜೋಸ್ ಎಂಬ ಊರಿನ ಟಿ.ವಿ. ಕೇಂದ್ರದಲ್ಲಿ. ತಯಾರಾದ ಜಾಗದಲ್ಲಿ ಅಳಿದದ್ದು ಕಳುಹಿಸಿದ ಜಾಗದಲ್ಲಿ ಉಳಿದಿತ್ತು. ಹಾಗಾದರೆ ನಮ್ಮ ಕರಾವಳಿಯಿಂದ ಹೊರಗೆ ಹೋಗುತ್ತಿದ್ದದ್ದು ಏನು, ಯಾರ ಕೈಗೆ?

ಅಲ್ಲಿಂದ ನಾನು ಕೇಳುವ ಪ್ರಶ್ನೆಯನ್ನೇ ಬದಲಿಸಿದೆ. "ಹಳೆಯ ಕ್ಯಾಸೆಟ್ ಇದೆಯೇ?" ಎಂದು ಕೇಳಿದರೆ ಎಲ್ಲರೂ ಮದುವೆಯ ಕ್ಯಾಸೆಟ್ಟನ್ನೇ ತೆಗೆದುಕೊಡುತ್ತಾರೆ. "ಆಗ ನಿಮ್ಮ ಮನೆಯಿಂದ ಗಲ್ಫಿನಲ್ಲಿ ಯಾರಿದ್ದರು? ಊರಿಗೆ ಬಂದವರ ಕೈಯಲ್ಲಿ ಅವರಿಗೆ ಏನು ಕಳುಹಿಸುತ್ತಿದ್ದಿರಿ?" ಎಂದು ಕೇಳತೊಡಗಿದೆ. ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ಕುಚ್ಚಲಕ್ಕಿ ಎಂದು ಹೇಳುತ್ತಾ ಹೋದವರಲ್ಲಿ ಕಾಪುವಿನ ಒಬ್ಬ ಅಕ್ಕ ತಟ್ಟನೆ ನಿಲ್ಲಿಸಿ, "ಕ್ಯಾಸೆಟ್ಟೂ ಕಳುಹಿಸುತ್ತಿದ್ದೆ. ಅಣ್ಣ ಬಹರೈನಿನಲ್ಲಿದ್ದ. ಅವನಿಗೆ ತುಳು ಕೇಳದಿದ್ದರೆ ಆಗುತ್ತಿರಲಿಲ್ಲ" ಎಂದರು. ಪ್ರತಿ ವಾರ ಟಿ.ವಿ.ಯಿಂದ ನೇರವಾಗಿ ವಿಸಿಆರ್‌ಗೆ ಮುದ್ರಿಸಿಕೊಂಡು, ಕ್ಯಾಸೆಟ್ ತುಂಬಿದ ಮೇಲೆ ಕಳುಹಿಸುತ್ತಿದ್ದರಂತೆ. ಅಣ್ಣ ಕೆಲಸ ಬಿಟ್ಟು ಊರಿಗೆ ಮರಳುವಾಗ ಒಂದನ್ನೂ ಎಸೆಯದೆ ಪೆಟ್ಟಿಗೆಯಲ್ಲಿ ತುಂಬಿ ತಂದಿದ್ದರು. ಗೋದ್ರೇಜ್ ಕಪಾಟಿನ ಕೆಳಗಿನ ಖಾನೆಯಲ್ಲಿ ಮೂರು ವಿಎಚ್‌ಎಸ್ ಕ್ಯಾಸೆಟ್ ಸಿಕ್ಕಿದವು. ಬೆನ್ನ ಮೇಲಿನ ಚೀಟಿಯಲ್ಲಿ ನೀಲಿ ಶಾಯಿಯಲ್ಲಿ ಬರೆದಿತ್ತು: "ಅಣ್ಣನಿಗೆ. ಆದಿತ್ಯವಾರದ್ದು."

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಮೊದಲ ಕ್ಯಾಸೆಟ್ಟನ್ನು ಆ ರಾತ್ರಿಯೇ ಯಂತ್ರಕ್ಕೆ ಹಾಕಿದೆ. ಆಟಿ ತಿಂಗಳು, ಹೊರಗೆ ಜಡಿಮಳೆ, ಕೋಣೆಯ ಮಾಪಕ ಶೇ 88ರ ತೇವಾಂಶ ತೋರಿಸುತ್ತಿತ್ತು. ನೋಡುವ ಆಸೆಗೆ ಕೈ ನಿಲ್ಲಲಿಲ್ಲ. ತೆರೆಯ ಮೇಲೆ ಹತ್ತು ಸೆಕೆಂಡು ಸಮುದ್ರ ಕಾಣಿಸಿತು. ಆಮೇಲೆ ಬಿಳಿ ಗೆರೆಗಳು, ಆಮೇಲೆ ಕರ್ರೆಂಬ ಸದ್ದು. ರೀಲು ಸುತ್ತಿನಲ್ಲಿ ಅಂಟಿಕೊಂಡು ಹರಿದಿತ್ತು, ತಿರುಗುವ ಹೆಡ್‌ಗೆ ಬೂಷ್ಟು ಮೆತ್ತಿ ಉಳಿದ ಭಾಗವನ್ನೂ ಗೀರಿತ್ತು. ಮೊದಲ ಕಂತಿನ ಮೊದಲ ನಾಲ್ಕು ನಿಮಿಷ, ಶೀರ್ಷಿಕೆಗೆ ಮುಂಚಿನ ದೃಶ್ಯ, ಹೋಯಿತು. ಅದು ಮತ್ತೆ ಯಾವ ಕಂತಿನಲ್ಲೂ ಬರುವ ದೃಶ್ಯವಲ್ಲ. ಇಪ್ಪತ್ತೈದು ವರ್ಷ ಕಪಾಟಿನಲ್ಲಿ ಉಳಿದಿದ್ದದ್ದು ನನ್ನ ಕೈಯಲ್ಲಿ ಒಂದು ನಿಮಿಷವೂ ಉಳಿಯಲಿಲ್ಲ. ಎರಡು ದಿನ ಸ್ಟುಡಿಯೋದ ಬಾಗಿಲು ತೆರೆಯಲಿಲ್ಲ.

ಆದ್ದರಿಂದ ಈ ಕೆಲಸಕ್ಕೆ ಇಳಿಯುವವರಿಗೆ ಮೊದಲು ಹೇಳುವುದು ಇದನ್ನೇ: ಕ್ಯಾಸೆಟ್ ಕೈಗೆ ಬಂದ ದಿನ ಅದನ್ನು ಓಡಿಸಬೇಡಿ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ನಮ್ಮ ಕಡೆ ಬೂಷ್ಟು ಹಿಡಿಯದ ಕ್ಯಾಸೆಟ್ ಇಲ್ಲವೆಂದೇ ತಿಳಿಯಿರಿ. ಮುಂಭಾಗದ ಪಾರದರ್ಶಕ ಕಿಟಕಿಯ ಮೂಲಕ ಟಾರ್ಚ್ ಹಿಡಿದು ನೋಡಿದರೆ ಸುತ್ತಿದ ರೀಲಿನ ಅಂಚಿನಲ್ಲಿ ಬಿಳಿಯ ಪುಡಿ ಅಥವಾ ಜೇಡರ ಬಲೆಯಂಥ ಎಳೆ ಕಾಣುತ್ತದೆ. ಹಸಿ ಬೂಷ್ಟನ್ನು ಒರೆಸಿದರೆ ಅದು ರೀಲಿನ ಮೇಲೆಲ್ಲ ಹರಡಿಕೊಳ್ಳುತ್ತದೆ. ಮೊದಲು ಒಣಗಿಸಬೇಕು. ಒಣಗಿದ ಮೇಲೆ ಅದು ಪುಡಿಯಾಗಿ ಉದುರುತ್ತದೆ.

ಒಣಗಿಸುವುದೆಂದರೆ ಹಪ್ಪಳದಂತೆ ಅಂಗಳದಲ್ಲಿ ಹರವುವುದಲ್ಲ. ಹಾಗೆ ಮಾಡಿ ಕ್ಯಾಸೆಟ್ ಸೊಟ್ಟಗಾಗಿಸಿಕೊಂಡು ತಂದವರು ಹಲವರಿದ್ದಾರೆ. ಕೂದಲು ಒಣಗಿಸುವ ಯಂತ್ರವೂ ಬೇಡ. ಕೆಲವು ಬಗೆಯ ಹಳೆಯ ಟೇಪುಗಳ ಅಂಟು ಕರಗಿ ಜಿಗುಟಾದಾಗ ಅವುಗಳನ್ನು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ಗಂಟೆಗಟ್ಟಲೆ ಇಡುವ ಚಿಕಿತ್ಸೆ ಇದೆ. ಅದು ಬೇರೆ ಕಾಯಿಲೆಯ ಮದ್ದು, ಬೂಷ್ಟಿಗಲ್ಲ. ನಾನು ಮಾಡಿದ್ದು ಇಷ್ಟೇ: ಗಾಳಿಯಾಡದಂತೆ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಒಂದು ಕಿಲೋ ಸಿಲಿಕಾ ಜೆಲ್, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಮುಚ್ಚಳ ಎತ್ತಿ ಹಿಡಿದ ಕ್ಯಾಸೆಟ್. ನೀಲಿ ಹರಳು ನಸುಗೆಂಪಾದಾಗ ಬದಲಿಸುತ್ತಾ ಮೂರು ವಾರ ಕಾದೆ.

ಆಮೇಲೆ ಬಿಚ್ಚುವ ಕೆಲಸ. ವಿಎಚ್‌ಎಸ್ ಕ್ಯಾಸೆಟ್ಟಿನ ಹಿಂಬದಿಯಲ್ಲಿ ಐದು ತಿರುಪು ಮೊಳೆಗಳಿವೆ. ಅವನ್ನು ತೆಗೆದು, ಕ್ಯಾಸೆಟ್ಟನ್ನು ಮೇಜಿನ ಮೇಲೆ ಬೋರಲಾಗದಂತೆ ಇಟ್ಟು, ಮೇಲಿನ ಚಿಪ್ಪನ್ನು ನೇರವಾಗಿ ಎತ್ತಬೇಕು. ಓರೆಯಾಗಿ ಎತ್ತಿದರೆ ಸಣ್ಣ ಸ್ಪ್ರಿಂಗುಗಳು ಹಾರಿ ಹೋಗುತ್ತವೆ. ಮುಖಕ್ಕೆ ಒಳ್ಳೆಯ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ, ಗಾಳಿ ನನ್ನ ಬೆನ್ನ ಕಡೆಯಿಂದ ಬೀಸುವಂತೆ ಕುಳಿತು, ಮೃದು ಕುಂಚದಿಂದ ಸುತ್ತಿನ ಎರಡೂ ಮುಖಗಳನ್ನು ಉದುರಿಸಿದೆ. ನಂತರ ಕೈಯಿಂದಲೇ ನಿಧಾನವಾಗಿ ರೀಲು ಸುತ್ತುತ್ತಾ, ನೂಲು ಬಿಡದ ಒಣ ಬಟ್ಟೆಯ ಎರಡು ಮಡಿಕೆಗಳ ನಡುವೆ ಅದನ್ನು ಹಾಯಿಸಿದೆ. ಮೂರು ಗಂಟೆಯ ಒಂದು ಕ್ಯಾಸೆಟ್ಟಿನಲ್ಲಿ ಸುಮಾರು ಕಾಲು ಕಿಲೋಮೀಟರ್ ರೀಲು ಇರುತ್ತದೆ. ಬಟ್ಟೆಯ ಮೇಲೆ ಬೂದು ಬಣ್ಣದ ಗೆರೆ ಮೂಡಿದಾಗಲೆಲ್ಲ ಹೊಸ ಜಾಗಕ್ಕೆ ಸರಿಸಬೇಕು. ಎರಡನೆಯ ಕ್ಯಾಸೆಟ್ಟಿಗೆ ನಾಲ್ಕು ದಿನ ಹಿಡಿಯಿತು. ಶುಚಿಯಾದ ಸುರುಳಿಯನ್ನು ಹೊಸ ಕ್ಯಾಸೆಟ್ಟಿನ ಖಾಲಿ ಚಿಪ್ಪಿಗೆ ವರ್ಗಾಯಿಸಿದೆ. ಹಳೆಯ ಚಿಪ್ಪಿನ ಮೇಲಿದ್ದ "ಅಣ್ಣನಿಗೆ" ಚೀಟಿಯ ಛಾಯಾಚಿತ್ರ ತೆಗೆದಿಟ್ಟೆ.

ಕಂಪ್ಯೂಟರಿಗೆ ಇಳಿಸುವ ಹಂತದಲ್ಲಿ ಇನ್ನೊಂದು ತೊಡಕು. ಅಕ್ಕ ಕ್ಯಾಸೆಟ್ ಉಳಿಸಲೆಂದು ಅರ್ಧ ವೇಗದಲ್ಲಿ ಮುದ್ರಿಸಿದ್ದರು. ಹಾಗೆ ಮುದ್ರಿಸಿದಾಗ ಮೂರು ಗಂಟೆಯ ಕ್ಯಾಸೆಟ್ ಆರು ಗಂಟೆ ಹಿಡಿಸುತ್ತದೆ, ಆದರೆ ಚಿತ್ರದ ಜಾಡು ಕಿರಿದಾಗುತ್ತದೆ. ಎಲ್ಲ ವಿಸಿಆರ್‌ಗಳೂ ಅದನ್ನು ಸರಿಯಾಗಿ ಓದುವುದಿಲ್ಲ. ನಾಲ್ಕು ಹಳೆಯ ಯಂತ್ರಗಳನ್ನು ಪ್ರಯೋಗಿಸಿ ನೋಡಿದ ಮೇಲೆ ಒಂದು ಹೊಂದಿತು. ವಿಸಿಆರ್ ಮತ್ತು ಕಂಪ್ಯೂಟರಿನ ನಡುವೆ ಟೈಮ್ ಬೇಸ್ ಕರೆಕ್ಟರ್ ಇಟ್ಟರೆ ಗೆರೆಗಳ ಓಲಾಟ ನಿಲ್ಲುತ್ತದೆ. ಇದಕ್ಕೆ ಹಣ ಹಾಕಲು ಹಿಂಜರಿಯಬೇಡಿ. ಮೂಲ ಪ್ರತಿಯನ್ನು 720×576ರಲ್ಲಿ, ಸೆಕೆಂಡಿಗೆ 25 ಚೌಕಟ್ಟಿನಂತೆ, ಗುಣಮಟ್ಟ ಕಳೆದುಕೊಳ್ಳದ ಎಫ್‌ಎಫ್‌ವಿ1 ಬಗೆಯಲ್ಲಿ ಉಳಿಸಿದೆ. ಗಂಟೆಗೆ ಸುಮಾರು 30 ಜಿಬಿ ಬೇಕು. ಬಣ್ಣ ತಿದ್ದುವುದು, ಗೆರೆ ಅಳಿಸುವುದು ಏನಿದ್ದರೂ ಮೊಬೈಲಿನಲ್ಲಿ ನೋಡುವ ಚಿಕ್ಕ ಪ್ರತಿಯ ಮೇಲೆ. ಮೂಲವನ್ನು ಇದ್ದ ಹಾಗೆಯೇ ಬಿಡಬೇಕು.

ಇದೇ ಅಲೆದಾಟದಲ್ಲಿ ಮಲ್ಪೆಯ ಒಂದು ಅಟ್ಟದ ಮೇಲೆ, ಬಿಡುಗಡೆಯ ಭಾಗ್ಯವನ್ನೇ ಕಾಣದ ಚಿತ್ರವೊಂದರ ತಗಡಿನ ಡಬ್ಬಿಯೂ ಸಿಕ್ಕಿತ್ತು. ಮುಚ್ಚಳ ತೆರೆದರೆ ಮೂಗಿಗೆ ಹೊಡೆಯುವ ವಿನೆಗರ್ ವಾಸನೆ. ಅಸಿಟೇಟ್ ಫಿಲ್ಮ್ ಕೊಳೆಯುವಾಗ ಹೊರಡುವ ಆಮ್ಲ ಅದು, ಮತ್ತು ಆ ಆಮ್ಲವೇ ಕೊಳೆಯುವಿಕೆಯನ್ನು ಚುರುಕುಗೊಳಿಸುತ್ತದೆ. ಅದು ನನ್ನ ಸಾಮರ್ಥ್ಯಕ್ಕೆ ಮೀರಿದ ಕೆಲಸ. ಬೇರೆ ರೀಲುಗಳಿಂದ ದೂರ, ತಂಪಾದ ಜಾಗದಲ್ಲಿ ಇಡಿ, ಪ್ರೊಜೆಕ್ಟರಿಗೆ ಹಾಕಲೇಬೇಡಿ, ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಪತ್ರ ಬರೆಯಿರಿ ಎಂದು ಹೇಳಿ, ಪತ್ರವನ್ನು ನಾನೇ ಕುಳಿತು ಬರೆದುಕೊಟ್ಟು ಬಂದೆ.

ಮೂರು ಕ್ಯಾಸೆಟ್ಟುಗಳಲ್ಲಿ, ನಡುನಡುವೆ ಒಂದು ತಾಳಮದ್ದಳೆ ಮತ್ತು ಅರ್ಧ ಕ್ರಿಕೆಟ್ ಪಂದ್ಯ ಬಿಟ್ಟರೆ, ಏಳು ಕಂತುಗಳು ದೊರೆತವು. ಯಾವ ವರ್ಷದ್ದು ಎಂಬುದು ಎಲ್ಲಿಯೂ ಬರೆದಿರಲಿಲ್ಲ. ನೆನಪಿನ ಮೇಲೆ ಕೇಳಿದರೆ ಒಬ್ಬರು 1994 ಎಂದರು, ಇನ್ನೊಬ್ಬರು 1999. ಹಾಗಾಗಿ ಚಿತ್ರವನ್ನೇ ಕೇಳಬೇಕಾಯಿತು. ಒಂದು ದೃಶ್ಯದಲ್ಲಿ ನಾಯಕ ಉಡುಪಿಯಲ್ಲಿ ರೈಲು ಇಳಿಯುತ್ತಾನೆ. ಕೊಂಕಣ ರೈಲ್ವೆಯ ಮಂಗಳೂರು–ಉಡುಪಿ ಭಾಗ ತೆರೆದದ್ದು 1993ರ ಮಾರ್ಚಿನಲ್ಲಿ, ಆದ್ದರಿಂದ ಅದಕ್ಕಿಂತ ಹಿಂದಿನದಲ್ಲ. ರಥಬೀದಿಯ ದೃಶ್ಯದಲ್ಲಿ ನಾಯಕಿಯ ತಲೆಯ ಹಿಂದೆ ಸ್ವಾಗತ ಕಮಾನು ಹಾದುಹೋಗುತ್ತದೆ. ಒಂದೊಂದೇ ಚೌಕಟ್ಟು ನಿಲ್ಲಿಸಿ ನೋಡಿದಾಗ "ಸೋದೆ ಮಠ", ಕೆಳಗೆ "ಪರ್ಯಾಯ" ಎಂಬ ಅಕ್ಷರಗಳು ಸಿಕ್ಕಿದವು. ಎದ್ದು ನಿಂತುಬಿಟ್ಟೆ. ಉಡುಪಿಯ ಅಷ್ಟಮಠಗಳ ಸರದಿಯಲ್ಲಿ ಒಂದು ಮಠಕ್ಕೆ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಹೊಣೆ, ಬರುವುದು ಹದಿನಾರು ವರ್ಷಕ್ಕೊಮ್ಮೆ, ಎರಡು ವರ್ಷದ ಅವಧಿಗೆ. ಸೋದೆ ಮಠದ್ದು 1996ರ ಜನವರಿಯಿಂದ 1998ರ ಜನವರಿಯವರೆಗೆ.

ಮುಂದಿನ ಸುಳಿವು ಕೊಟ್ಟದ್ದು ಜಾಹೀರಾತುಗಳು. ಬಹಳ ಮಂದಿ ಮುದ್ರಣದ ನಡುವಿನ ಜಾಹೀರಾತನ್ನು ಕತ್ತರಿಸಿ ಎಸೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಬಟ್ಟೆ ಅಂಗಡಿಯವರು ಮಾರ್ನೆಮಿಯ, ಅಂದರೆ ನವರಾತ್ರಿಯ, ರಿಯಾಯಿತಿ ಸಾರುತ್ತಿದ್ದರು. ವಿಳಾಸದ ಕೊನೆಯಲ್ಲಿ "ಉಡುಪಿ, ದ.ಕ." ಎಂದಿತ್ತು. ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟಿನಲ್ಲಿ. ಅಂಗಡಿಯವರು ಹಳೆಯ ವಿಳಾಸವನ್ನೇ ಮುಂದುವರಿಸುವುದೂ ಉಂಟು, ಆದ್ದರಿಂದ ಇದೊಂದನ್ನೇ ನಂಬುವಂತಿರಲಿಲ್ಲ. ನಾಯಕಿಯ ಪಾತ್ರ ಮಾಡಿದವರು ಈಗ ಸುರತ್ಕಲ್ಲಿನಲ್ಲಿದ್ದಾರೆ. ಅವರಿಗೆ ಆ ಕಂತನ್ನು ತೋರಿಸಿದೆ. "ಅಯ್ಯೋ, ಕುತ್ತಿಗೆ ನೋಡಿ, ಕರಿಮಣಿ ಇಲ್ಲ. ನನ್ನ ಮದುವೆ ಆದದ್ದು 97ರ ಮೇ ತಿಂಗಳಲ್ಲಿ, ಆಮೇಲೆ ನಾನು ಬಣ್ಣ ಹಚ್ಚಲೇ ಇಲ್ಲ" ಎಂದರು. ಹಾಗಾಗಿ ಆ ಕಂತು 1996ರ ಅಕ್ಟೋಬರಿನದು ಎಂದು ಧೈರ್ಯವಾಗಿ ದಾಖಲಿಸಿದೆ.

ಎರಡನೆಯ ಕಂತಿನ ಆರಂಭದಲ್ಲಿ ಹೆಸರುಗಳಿದ್ದವು, ಆದರೆ ಹಳದಿ ಅಕ್ಷರಗಳು ಕಲಸಿಹೋಗಿದ್ದವು. ಒಂದು ಹೆಸರು ತೆರೆಯ ಮೇಲೆ ಎರಡು ಸೆಕೆಂಡು ಅಲುಗದೆ ನಿಂತರೆ ಐವತ್ತು ಚೌಕಟ್ಟು ಸಿಗುತ್ತವೆ. ಅವನ್ನೆಲ್ಲ ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆದರೆ ಚುಕ್ಕೆಗಳ ಗದ್ದಲ ಅಡಗಿ ಅಕ್ಷರ ಮೇಲೇಳುತ್ತದೆ. ಹೀಗೆ ಇಪ್ಪತ್ತಮೂರು ಹೆಸರು ಓದಿದೆ. ಪ್ರಸಾಧನದವರು, ದೀಪ ಹಿಡಿದವರು, ದೋಣಿ ಕೊಟ್ಟವರು ಎಲ್ಲರೂ ಅಲ್ಲಿದ್ದರು.

ಆ ಹಿರಿಯ ನಟರ ಮನೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದಾಗ ಮೊಮ್ಮಗಳು ಅಜ್ಜನ ಮಗ್ಗುಲಲ್ಲಿ ಕುಳಿತಳು. ಏಳನ್ನೂ ಒಂದೇ ಸಂಜೆ ನೋಡಿದರು. ಉಳಿದ ಆರಕ್ಕಾಗಿ ಕುಂದಾಪುರದಿಂದ ಉಳ್ಳಾಲದವರೆಗೆ ಗಲ್ಫಿನ ಮನೆಗಳನ್ನು ಕೇಳುತ್ತಲೇ ಇದ್ದೇನೆ ಎಂದು ಹೇಳಿದೆ. ಆಮೇಲೆ, ಹೇಳಲೇಬೇಕಿದ್ದ ಆ ನಾಲ್ಕು ನಿಮಿಷದ ಮಾತನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ದೃಶ್ಯ ನನಗೆ ಬಾಯಿಪಾಠ. ಬರೆದುಕೊಳ್ಳಿ" ಎಂದರು. ನಾನು ಮೊಬೈಲಿನ ಧ್ವನಿಮುದ್ರಣ ಒತ್ತಿ ಅವರ ಮುಂದಿಟ್ಟೆ. "ಕಾಪು ದೀಪಸ್ತಂಭದ ಬುಡ. ಇನ್ನೂ ಬೆಳಕು ಹರಿದಿಲ್ಲ. ಬಂಡೆಯ ಮೇಲೆ ಒಬ್ಬ ಮುದುಕ ಬಲೆ ಬಿಡಿಸುತ್ತಾ ಕುಳಿತಿದ್ದಾನೆ. ಅದು ನಾನು," ಎಂದು ಶುರುಮಾಡಿದರು.