ತಾರಸಿಯ ಮೇಲೆ ಸೌರ ವಿದ್ಯುತ್: ಲೆಕ್ಕ ಹಾಕುವುದು, ಅಳವಡಿಸುವುದು ಹೇಗೆ?

ರಾಯಚೂರಿನ ಶಕ್ತಿನಗರದಲ್ಲಿರುವ ಶಾಖೋತ್ಪನ್ನ ಸ್ಥಾವರದ ಸಾಮರ್ಥ್ಯ 1,720 ಮೆಗಾವಾಟ್. ಪಾವಗಡದ ಸೌರ ಪಾರ್ಕ್‌ನದು 2,050 ಮೆಗಾವಾಟ್. ಅಂಕಿಗಳನ್ನಷ್ಟೇ ನೋಡಿದರೆ ಬಿಸಿಲು ಕಲ್ಲಿದ್ದಲನ್ನು ಆಗಲೇ ಹಿಂದಿಕ್ಕಿದೆ. ಆದರೆ ಮನೆಮನೆಯಲ್ಲಿ ದೀಪ ಹೊತ್ತುವ ಸಂಜೆ ಏಳರ ಹೊತ್ತಿಗೆ ಪಾವಗಡದ ಉತ್ಪಾದನೆ ಸೊನ್ನೆಗಿಳಿದಿರುತ್ತದೆ. ಜಲವಿದ್ಯುತ್, ಗಾಳಿ ಮತ್ತು ಬ್ಯಾಟರಿ ಜೊತೆಗೂಡದೆ ರಾತ್ರಿಯ ಬೇಡಿಕೆಯನ್ನು ಸೂರ್ಯನೊಬ್ಬನೇ ಪೂರೈಸಲಾರ. ಹಗಲಿನ ಪಾಲನ್ನಾದರೂ ಕಲ್ಲಿದ್ದಲಿನಿಂದ ಬಿಡಿಸುವ ಕೆಲಸವನ್ನು ನಮ್ಮ ನಮ್ಮ ತಾರಸಿಯಿಂದಲೇ ಆರಂಭಿಸಬಹುದು.

ಮೊದಲು ಹಿಂದಿನ 12 ತಿಂಗಳ ವಿದ್ಯುತ್ ಬಿಲ್ಲುಗಳನ್ನು ತೆಗೆದು ಸರಾಸರಿ ಬಳಕೆಯನ್ನು ಕಂಡುಕೊಳ್ಳಿ. ಒಂದು ಕಿಲೋವಾಟ್ ಫಲಕಗಳಿಂದ ದಿನಕ್ಕೆ ಸುಮಾರು 4 ಯೂನಿಟ್, ತಿಂಗಳಿಗೆ ಸುಮಾರು 120 ಯೂನಿಟ್ ಸಿಗುತ್ತದೆ. ಮಳೆಗಾಲದಲ್ಲಿ ಇದು ಕಡಿಮೆಯಾಗುತ್ತದೆ. ಗೃಹಜ್ಯೋತಿಯಿಂದ ಶೂನ್ಯ ಬಿಲ್ ಪಡೆಯುತ್ತಿರುವ ಮನೆಗೆ ಸದ್ಯಕ್ಕೆ ಹಣದ ಲಾಭ ಹೆಚ್ಚಿಲ್ಲ ಎಂಬುದನ್ನು ಮುಚ್ಚಿಡಬೇಕಿಲ್ಲ. ತಿಂಗಳಿಗೆ 300 ಯೂನಿಟ್ ದಾಟುವವರಿಗೆ 3 ಕಿಲೋವಾಟ್ ಸೂಕ್ತ.

ಎರಡನೆಯದು ಜಾಗದ ಪರೀಕ್ಷೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಪ್ರತಿ ಕಿಲೋವಾಟ್‌ಗೆ ನೆರಳಿಲ್ಲದ ಸುಮಾರು 100 ಚದರಡಿ ಜಾಗ ಬೇಕು. ನಮ್ಮ ತಾರಸಿಯಲ್ಲಿ ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ನೆರಳಿನ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದು ನೋಡಿದಾಗ, ನಾವು ಆರಿಸಿದ್ದ ಜಾಗದ ಕಾಲು ಭಾಗವನ್ನು ನೀರಿನ ಟ್ಯಾಂಕೇ ಮುಚ್ಚುತ್ತಿತ್ತು. ಫಲಕಗಳನ್ನು ತಂತಿಯಿಂದ ಒಂದಕ್ಕೊಂದು ಸಾಲಾಗಿ ಜೋಡಿಸಿರುವುದರಿಂದ ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ತಗ್ಗಿಸಬಲ್ಲದು. ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದವಾಗುವ ಡಿಸೆಂಬರ್‌ನಲ್ಲಿ ಈ ಪರೀಕ್ಷೆ ಮಾಡುವುದು ಒಳ್ಳೆಯದು. ಫಲಕಗಳು ದಕ್ಷಿಣಕ್ಕೆ ಮುಖ ಮಾಡಿರಬೇಕು.

ಅರ್ಜಿಯನ್ನು 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಜಾಲತಾಣದಲ್ಲಿ ಬಿಲ್ಲಿನ ಗ್ರಾಹಕ ಸಂಖ್ಯೆಯೊಂದಿಗೆ ಸಲ್ಲಿಸಬೇಕು. ಈ ಯೋಜನೆಯಡಿ ಕೇಂದ್ರದ ಸಹಾಯಧನ 1 ಕಿಲೋವಾಟ್‌ಗೆ 30,000, 2 ಕಿಲೋವಾಟ್‌ಗೆ 60,000, 3 ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ. ನೋಂದಾಯಿತ ಮಾರಾಟಗಾರರಿಂದಲೇ ಅಳವಡಿಸಿಕೊಳ್ಳಬೇಕು. ಇಬ್ಬರು ಮೂವರಿಂದ ದರಪಟ್ಟಿ ಪಡೆಯಿರಿ. ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಸಿಬ್ಬಂದಿ ಪರಿಶೀಲಿಸಿ, ನೀವು ಪಡೆದ ಮತ್ತು ಹೊರಗೆ ಕೊಟ್ಟ ವಿದ್ಯುತ್ತನ್ನು ಎರಡನ್ನೂ ಅಳೆಯುವ ನೆಟ್ ಮೀಟರ್ ಕೂರಿಸಿದ ಮೇಲೆ ಸಹಾಯಧನ ಬ್ಯಾಂಕ್ ಖಾತೆಗೆ ಬರುತ್ತದೆ.

ಹೂಡಿದ ಹಣ ಎಷ್ಟು ವರ್ಷದಲ್ಲಿ ಮರಳುತ್ತದೆ? 3 ಕಿಲೋವಾಟ್‌ಗೆ 1,80,000 ರೂಪಾಯಿ ದರ ಹೇಳಿದ್ದಾರೆ ಎಂದಿಟ್ಟುಕೊಳ್ಳಿ. ಸಹಾಯಧನ ಕಳೆದರೆ ಉಳಿಯುವುದು 1,02,000. ವರ್ಷಕ್ಕೆ ಸುಮಾರು 4,300 ಯೂನಿಟ್, ಯೂನಿಟ್‌ಗೆ 6 ರೂಪಾಯಿಯಂತೆ, ಸುಮಾರು 26,000 ರೂಪಾಯಿ ಉಳಿತಾಯ. ಅಂದರೆ ನಾಲ್ಕು ವರ್ಷ. ಕಲ್ಲಿದ್ದಲ ಗಣಿಯೇ ಇಲ್ಲದ ಕರ್ನಾಟಕಕ್ಕೆ ಈ ಲೆಕ್ಕ ದೊಡ್ಡದು, ಏಕೆಂದರೆ ಹೊರಗಿನ ಇಂಧನಕ್ಕೆ ತೆರುವ ಹಣ ಇಲ್ಲಿಯೇ ಉಳಿಯುತ್ತದೆ. ಆ ಹಣ ಯಾರ ಕೈ ಸೇರುತ್ತದೆ ಎಂಬುದಕ್ಕೆ ಪಾವಗಡವನ್ನೇ ನೋಡಿ. ಅಲ್ಲಿ ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆಯಲಾಯಿತು. ಮಳೆ ಕೈಕೊಡುವ ಸೀಮೆಯಲ್ಲಿ ಅದು ಖಚಿತ ಆದಾಯ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರಿಗೆ ಆ ಹಣದಲ್ಲಿ ಪಾಲಿಲ್ಲ. ಮುಂದಿನ ಯೋಜನೆಗಳಲ್ಲಿ ಸರ್ಕಾರ ಮೊದಲು ಸರಿಪಡಿಸಬೇಕಾದದ್ದು ಇದನ್ನೇ.

ಅಳವಡಿಸಿದ ಮೇಲೆ ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮುನ್ನ, ಫಲಕಗಳ ದೂಳನ್ನು ನೀರಿನಿಂದ ತೊಳೆಯಿರಿ. ಬ್ಯಾಟರಿ ಇಲ್ಲದ ವ್ಯವಸ್ಥೆಯಲ್ಲಿ ಹೊರಗಿನ ಲೈನಿನಲ್ಲಿ ಕರೆಂಟು ಹೋದರೆ, ಬಿಸಿಲಿದ್ದರೂ ಮನೆಯಲ್ಲಿ ಕರೆಂಟು ಇರುವುದಿಲ್ಲ; ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ತಾರಸಿಯ ವಿದ್ಯುತ್ ತಗುಲದಿರಲೆಂದು ಫಲಕದ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆ.

ಟ್ಯಾಂಕಿಗೆ ನೀರೇರಿಸುವ ಮೋಟಾರು, ವಾಷಿಂಗ್ ಮೆಷಿನ್, ಗ್ರೈಂಡರ್, ಇಸ್ತ್ರಿ ಪೆಟ್ಟಿಗೆ ಇವನ್ನೆಲ್ಲ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರೊಳಗೆ ಬಳಸುವ ರೂಢಿ ಮಾಡಿಕೊಳ್ಳಿ. ನೆಟ್ ಮೀಟರ್ ಇರುವುದರಿಂದ ಬಿಲ್ಲಿನಲ್ಲಿ ಇದರ ವ್ಯತ್ಯಾಸ ಅಷ್ಟಾಗಿ ಕಾಣದಿರಬಹುದು. ಆದರೆ ಸಂಜೆ ಏಳಕ್ಕೆ ಹಾಕಿದ ಮೋಟಾರಿಗೆ ಶಕ್ತಿನಗರದಂಥ ಕಡೆ ಕಲ್ಲಿದ್ದಲು ಉರಿಯಬೇಕಾದೀತು. ಹನ್ನೊಂದಕ್ಕೆ ಹಾಕಿದ ಮೋಟಾರು ತಾರಸಿಯ ಬಿಸಿಲಿನಲ್ಲೇ ಓಡುತ್ತದೆ.