ಡೇಟಾಬೇಸ್ ಕಮಾಂಡ್‌ಗೆ ಯಾವ ಹೆಸರು, ಯಾವ ಜಾಗ? ನನ್ನ ಅನುಭವ

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ಹಾಕಿದ ಸರ್ವರ್‌ನಲ್ಲಿ 'ಕ್ರಿಯೇಟ್‌ಯೂಸರ್' ಎಂದು ಟೈಪ್ ಮಾಡಿದರೆ ಏನಾಗುತ್ತದೆ? ಲಿನಕ್ಸ್‌ನಲ್ಲಿ ಪಳಗಿದ, ಡೇಟಾಬೇಸ್ ಮುಟ್ಟದ ಯಾರನ್ನೇ ಕೇಳಿ, ಮಷಿನ್‌ಗೆ ಹೊಸ ಲಾಗಿನ್ ಬರುತ್ತದೆ ಅನ್ನುತ್ತಾರೆ. ಬರುವುದು ಡೇಟಾಬೇಸ್ ಒಳಗಿನ ಒಂದು ರೋಲ್, ಅಂದರೆ ಡೇಟಾಬೇಸ್‌ನದೇ ಬಳಕೆದಾರ ಖಾತೆ. 'ಡ್ರಾಪ್‌ಡಿಬಿ' ಇನ್ನೂ ಅಪಾಯ: '-ಐ' ಹಾಕದಿದ್ದರೆ ಒಂದು ಮಾತೂ ಕೇಳದೆ ಇಡೀ ಡೇಟಾಬೇಸನ್ನು ಅಳಿಸಿಬಿಡುತ್ತದೆ. ಇಂಥ ಬೋಳು ಹೆಸರುಗಳು ಒಂದು ಕಡೆ, ಬ್ಯಾಕಪ್ ತೆಗೆಯುವ 'ಪಿಜಿ_ಡಂಪ್', ಅದನ್ನು ಮರಳಿ ತುಂಬುವ 'ಪಿಜಿ_ರಿಸ್ಟೋರ್' ಥರದವು ಇನ್ನೊಂದು ಕಡೆ. ಈಚೆಗೆ ಸೇರಿದ 'ಪಿಜಿ_ಆಮ್‌ಚೆಕ್', 'ಪಿಜಿ_ವೆರಿಫೈಬ್ಯಾಕಪ್' ಎಲ್ಲ 'ಪಿಜಿ_' ಹೊತ್ತೇ ಬಂದಿವೆ.

ನಮ್ಮ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಸರ್ವರ್‌ಗಳಿಗೆ ಬ್ಯಾಕಪ್, ರೋಲ್, ವ್ಯಾಕ್ಯೂಮ್ (ಡೇಟಾಬೇಸ್‌ನ ಸತ್ತ ಸಾಲುಗಳ ಜಾಗ ತೆರವು) ಕೆಲಸಕ್ಕೆ ಸ್ಕ್ರಿಪ್ಟ್ ಬರೆಯಲು ಕೂತಾಗ ತಂಡದಲ್ಲಿ ಎಲ್ಲರೂ ಹೇಳಿದ್ದು 'ಪಿಜಿ_' ಇಡೋಣ ಅಂತಲೇ. ನಾನು ಒಪ್ಪಲಿಲ್ಲ. ಅದು ಮೂಲ ಯೋಜನೆಯವರ ಅಂಗಳ. ನಾಳೆ ಅವರೇ ಅದೇ ಹೆಸರಿನ ಕಮಾಂಡ್ ತಂದರೆ? ನಾವು ಸ್ಕ್ರಿಪ್ಟ್ ಇಡುವ '/ಯುಎಸ್ಆರ್/ಲೋಕಲ್' ಡೆಬಿಯನ್‌ನ ಪಾತ್‌ನಲ್ಲಿ (ಕಮಾಂಡ್ ಹುಡುಕುವ ಜಾಗಗಳ ಪಟ್ಟಿ) ಮೊದಲು ಬರುವುದರಿಂದ ನಮ್ಮ ಸ್ಕ್ರಿಪ್ಟ್ ಅವರದನ್ನು ಸದ್ದಿಲ್ಲದೆ ಮುಚ್ಚಿಬಿಡುತ್ತದೆ. ಸಾಲದ್ದಕ್ಕೆ ಡೆಬಿಯನ್‌ನವರೂ 'ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್', 'ಪಿಜಿ_ಸಿಟಿಎಲ್‌ಕ್ಲಸ್ಟರ್' ಎಂದು ತಮ್ಮ ಪಾಲನ್ನು ಅಲ್ಲೇ ಸೇರಿಸಿದ್ದಾರೆ. ಹಾಗಾಗಿ ನಮ್ಮವಕ್ಕೆ 'ಕಣಜ-' ಎಂದು ಇಟ್ಟೆವು: 'ಕಣಜ-ಬ್ಯಾಕಪ್', 'ಕಣಜ-ರೋಲ್', 'ಕಣಜ-ಅಳಿಸು'. ಅಂಡರ್‌ಸ್ಕೋರ್ ಬದಲು ಅಡ್ಡಗೆರೆ ಬೇಕೆಂದೇ ಹಾಕಿದ್ದು. ಲಾಗ್‌ನಲ್ಲಿ ಕಣ್ಣಾಡಿಸಿದರೆ ಸಾಕು, ಯಾವುದು ನಮ್ಮದು ಎಂದು ತಿಳಿಯುತ್ತದೆ. 'ಕಣಜ-' ಬರೆದು ಟ್ಯಾಬ್ ಒತ್ತಿದರೆ ಪಟ್ಟಿಯೇ ಎದುರಿಗೆ.

ಹೆಸರಿಗಿಂತ ಜಾಗದ ಪಂಚಾಯಿತಿ ದೊಡ್ಡದಾಯಿತು. ಡೆಬಿಯನ್‌ನಲ್ಲಿ 'ಎಲ್‌ಎಸ್ -ಎಲ್ /ಯುಎಸ್ಆರ್/ಬಿನ್/ಪಿಎಸ್‌ಕ್ಯೂಎಲ್' ಹೊಡೆದು ನೋಡಿ (ಪಿಎಸ್‌ಕ್ಯೂಎಲ್ ಎಂದರೆ ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಕಮಾಂಡ್): ಅಲ್ಲಿರುವುದು 'ಪಿಜಿ_ರ‍್ಯಾಪರ್' ಎಂಬ ಸ್ಕ್ರಿಪ್ಟ್‌ಗೆ ಒಂದು ಕೊಂಡಿ (ಸಿಮ್‌ಲಿಂಕ್). ನಿಜವಾದ ಪ್ರೋಗ್ರಾಂ '/ಯುಎಸ್ಆರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್/15/ಬಿನ್' ಒಳಗೆ. ಪೋಸ್ಟ್‌ಗ್ರೆಸ್ ಆವೃತ್ತಿ 13 ಮತ್ತು 15 ಒಂದೇ ಮಷಿನ್‌ನಲ್ಲಿದ್ದರೆ '--ಕ್ಲಸ್ಟರ್ 13/ಮೇನ್' ಅಂದರೆ ಸಾಕು, ತಕ್ಕ ಆವೃತ್ತಿಯನ್ನು ಅದೇ ಹುಡುಕಿಕೊಳ್ಳುತ್ತದೆ. ಇದು ಬರೀ ಶೋಕಿಯಲ್ಲ. ತನಗಿಂತ ಹೊಸ ಮೇಜರ್ ಆವೃತ್ತಿಯ ಸರ್ವರ್ ಸಿಕ್ಕರೆ 'ಪಿಜಿ_ಡಂಪ್' ಕೆಲಸ ಮಾಡುವುದೇ ಇಲ್ಲ. ಡೇಟಾ ಡೈರೆಕ್ಟರಿ ಹುಟ್ಟಿಸುವ 'ಇನಿಟ್‌ಡಿಬಿ', ಸರ್ವರ್ ಚಾಲೂ-ಬಂದ್ ಮಾಡುವ 'ಪಿಜಿ_ಸಿಟಿಎಲ್' ಮಾತ್ರ ಪಾತ್‌ನಲ್ಲೇ ಇಲ್ಲ. ಹೊಸಬರು ಇದನ್ನು ನೋಡಿ ಬೈದುಕೊಳ್ಳುತ್ತಾರೆ. ನನಗೆ ಇದು ಸರಿಯಾಗೇ ಕಾಣುತ್ತದೆ: ಸರ್ವರ್‌ನ ಹೊಟ್ಟೆಗೇ ಕೈ ಹಾಕುವ ಪ್ರೋಗ್ರಾಂ ಅಷ್ಟು ಸುಲಭಕ್ಕೆ ಸಿಗಬಾರದು.

ನಾವೂ ಅದೇ ದಾರಿ ಹಿಡಿದೆವು. ಬರೀ ಓದುವ 'ಕಣಜ-ಸ್ಥಿತಿ' '/ಯುಎಸ್ಆರ್/ಲೋಕಲ್/ಬಿನ್'ನಲ್ಲಿದೆ, ಯಾರು ಬೇಕಾದರೂ ಓಡಿಸಬಹುದು. ಅಳಿಸುವ, ಬದಲಿಸುವ ಕಮಾಂಡ್‌ಗಳೆಲ್ಲ '/ಯುಎಸ್ಆರ್/ಲೋಕಲ್/ಎಸ್‌ಬಿನ್'ನಲ್ಲಿ. ಡೆಬಿಯನ್‌ನಲ್ಲಿ ಸಾಮಾನ್ಯ ಬಳಕೆದಾರರ ಪಾತ್‌ಗೆ ಎಸ್‌ಬಿನ್ ಸೇರಿಲ್ಲ, ಸುಡೊ (ರೂಟ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಮೂಲಕ ಹೋದರೆ ಸಿಗುತ್ತದೆ. ಇದರಿಂದ ಭದ್ರತೆ ಬಂತು ಅಂದುಕೊಳ್ಳಬೇಡಿ, ಅನುಮತಿಯನ್ನು ಬೇರೆಯಾಗೇ ಬಿಗಿ ಮಾಡಬೇಕು. ಗೊತ್ತಾದ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್‌ನಲ್ಲಿ ಮಾತ್ರ ಪೂರ್ತಿ ಪಾತ್ ಬರೆಯುವುದೇ ಕ್ಷೇಮ. ಅದರ ಪಾತ್ ಬಹಳ ಚಿಕ್ಕದು.

ಹೆಸರು ಬದಲಿಸುವುದು ಎಷ್ಟು ತಲೆನೋವು ಎಂದು ತಿಳಿಯಲು 2017ರ ಪೋಸ್ಟ್‌ಗ್ರೆಸ್ 10 ನೋಡಿ. ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ, ಕಳೆದರೆ ಡೇಟಾಬೇಸೇ ಕೆಡುವ 'ಪಿಜಿ_ಕ್ಸ್‌ಲಾಗ್' ಡೈರೆಕ್ಟರಿ 'ಪಿಜಿ_ವಾಲ್' ಆಯಿತು, ಯಾಕೆಂದರೆ 'ಲಾಗ್' ಎಂದು ಕಂಡ ತಕ್ಷಣ ಡಿಸ್ಕ್ ಖಾಲಿ ಮಾಡಲು ಅಳಿಸುವವರಿದ್ದರು. ಜೊತೆಗೆ 'ಪಿಜಿ_ರಿಸೆಟ್‌ಕ್ಸ್‌ಲಾಗ್' ಕೂಡ 'ಪಿಜಿ_ರಿಸೆಟ್‌ವಾಲ್' ಆಯಿತು. ಒಳ್ಳೆಯ ಬದಲಾವಣೆಯೇ, ಆದರೆ ಹಳೆಯ ಹೆಸರು ನಂಬಿದ್ದ ಸ್ಕ್ರಿಪ್ಟ್‌ಗಳನ್ನೆಲ್ಲ ತಿದ್ದಬೇಕಾಯಿತು. ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಮರಿಯಾಡಿಬಿ ಡೇಟಾಬೇಸ್‌ನವರು ನಿಧಾನವಾಗಿ ಹೋದರು: ಆವೃತ್ತಿ 10.5ರಲ್ಲಿ 'ಮರಿಯಾಡಿಬಿ-ಡಂಪ್' ಅಸಲಿ ಹೆಸರಾಗಿ, 'ಮೈಎಸ್‌ಕ್ಯೂಎಲ್‌ಡಂಪ್' ಕೊಂಡಿಯಾಗಿ ಉಳಿಯಿತು. ಅವರ ಡಾಕರ್ ಇಮೇಜ್ (ಹಾಗೆಯೇ ಓಡಿಸಬಹುದಾದ ಸಿದ್ಧ ಪೊಟ್ಟಣ) ಆವೃತ್ತಿ 11ಕ್ಕೆ ಬಂದಾಗ ಹಳೆಯ ಹೆಸರು ಹೋಯಿತು, 'ಮೈಎಸ್‌ಕ್ಯೂಎಲ್‌ಅಡ್ಮಿನ್' ನೆಚ್ಚಿ ಸರ್ವರ್ ಬದುಕಿದೆಯೇ ಎಂದು ನೋಡುತ್ತಿದ್ದ ಹೆಲ್ತ್‌ಚೆಕ್‌ಗಳೂ ಬಿದ್ದವು.

ನಮ್ಮಲ್ಲೂ 'ಕಣಜ-ತೆಗೆ' ಎಂಬುದನ್ನು 'ಕಣಜ-ಅಳಿಸು' ಮಾಡಿದಾಗ ಹಳೆಯದನ್ನು ಕೊಂಡಿಯಾಗಿ ಬಿಟ್ಟೆವು. ಆ ಹೆಸರಲ್ಲಿ ಕರೆದರೆ ಎಚ್ಚರಿಕೆಯ ಒಂದು ಸಾಲು ಬರೆದು, ಡೇಟಾಬೇಸ್ ಹೆಸರನ್ನು ಇನ್ನೊಮ್ಮೆ ಪೂರ್ತಿ ಟೈಪ್ ಮಾಡಿ ಎನ್ನುತ್ತದೆ.